ಬೆರಳಿಟ್ಟು ಬೈಯಬೇಕೆಂದ ತಮ್ಮಣ್ಣ

ತಮ್ಮಣ್ಣನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಆರಿಹೋಗುತ್ತದೆ. ಮಹಾರಾಷ್ಟ್ರದ ಇಚಲಕರಂಜಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ಹರೆಯ ಕಳೆದವರು ಬಾಯಿಯ ಸದ್ದನ್ನು ನಂಬುವವರಲ್ಲ. ಸಾಲು ಮಗ್ಗಗಳು ಒಮ್ಮೆಗೇ ಬಡಿಯುವಾಗ ಎಷ್ಟು ಕೂಗಿದರೂ ಪಕ್ಕದವನಿಗೆ ಕೇಳದ ಕಾರಣ, ಅಲ್ಲಿ ಮಾತೆಂದರೆ ತುಟಿ, ಹುಬ್ಬು ಮತ್ತು ಬೆರಳು. ಬೇರೆ ಹೊತ್ತಿನಲ್ಲಿ ತಮ್ಮಣ್ಣ, ಕಿವಿ ಮಂದವಾದವರೆಲ್ಲರ ಹಾಗೆ, ಓಣಿಗೆಲ್ಲ ಕೇಳುವಂತೆಯೇ ಮಾತಾಡುತ್ತಾನೆ. ಸಿಟ್ಟು ಬಂದಾಗ ಮಾತ್ರ ಅವನು ನಿಂತಲ್ಲೇ ಶೆಡ್ಡಿಗೆ ಮರಳುತ್ತಾನೆ: ತುಟಿಗಳು ಅಗಲವಾಗಿ, ಸ್ಪಷ್ಟವಾಗಿ ತೆರೆದು ಮುಚ್ಚುತ್ತವೆ, ಕುತ್ತಿಗೆಯ ನರ ಉಬ್ಬುತ್ತದೆ, ಹೊರಗೆ ಒಂದಕ್ಷರವೂ ಬರುವುದಿಲ್ಲ. ಗುರುತಿಲ್ಲದವರು ಉಬ್ಬಸವೆಂದು ತಿಳಿದು ನೀರು ತಂದುಕೊಟ್ಟದ್ದುಂಟು. ಗುರುತಿರುವ ನಾವು ತುಟಿ ಓದಿ ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ.

ಅಥಣಿ ಕಡೆಯ ಹಳ್ಳಿಯೊಂದರಿಂದ ಬಂದು ಈ ಊರಿನಲ್ಲಿ ಬೇರೂರಿದವನು ಅವನು. ಕೆಟ್ಟ ಮಗ್ಗವನ್ನು ಸರಿಮಾಡುವ ಕೆಲಸ. ಅವನಂಥವರನ್ನು ಇಲ್ಲಿ ಜಾಬರ್ ಎನ್ನುತ್ತಾರೆ. ಮಗ್ಗಗಳ ನಡುವಿನ ಸಂದಿಯಲ್ಲಿ ಓಡಾಡಿ ಓಡಾಡಿ ಅಗಲವಾದ ರಸ್ತೆಯಲ್ಲೂ ಅಡ್ಡಡ್ಡ, ಒಂದು ಹೆಗಲು ಮುಂದೆ ಮಾಡಿ ನಡೆಯುತ್ತಾನೆ. ಹುಬ್ಬಿನಲ್ಲಿ ಸದಾ ಹತ್ತಿಯ ತುಪ್ಪಳ. ಎದುರಿಗಿದ್ದವರ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡದೆ ಅವನಿಗೆ ಮಾತು ಹೊರಡದು. ನಾನು ಈ ಓಣಿಗೆ ಬಾಡಿಗೆಗೆ ಬಂದ ದಿನ, ಶಾಲೆಯಲ್ಲಿ ಕಲಿಸುವವನೆಂದು ತಿಳಿದು ಕೈಮುಗಿದವನೇ ನನ್ನ ಹೊಸ ಅಂಗಿಯ ಅಂಚು ಹಿಡಿದು, “ಮಾಸ್ತರ್ರ, ಇದು ಎರಡ್ ಸಲ ಒಗದ್ರ ಮುಗೀತು ನೋಡ್ರಿ” ಎಂದಿದ್ದ. ಅವನ ಮಾತೇ ನಿಜವಾಯಿತು.

ಅವನ ಕಸುಬಿನಲ್ಲಿ ಒಂದು ರೀತಿಯಿದೆ. ಅದು ತಿಳಿಯದೆ ಅವನು ಅರ್ಥವಾಗುವುದಿಲ್ಲ. ನೇಯ್ದ ಬಟ್ಟೆ ವ್ಯಾಪಾರಿಯ ಮೇಜಿಗೆ ಹೋದಾಗ ತಪಾಸಣೆಯವನು “ಮಾಲು ಕೆಟ್ಟದ್ದು” ಎಂದು ಸುಮ್ಮನೆ ಹೇಳುವಂತಿಲ್ಲ. ದೋಷವಿದ್ದ ಜಾಗದ ಮೇಲೆ ಅವನು ಬೆರಳಿಡಬೇಕು. ಜಾಬರ್ ಬಗ್ಗಿ ನೋಡಬೇಕು. ಒಪ್ಪಿದರೆ ಆ ಬೆರಳಿನ ಪಕ್ಕದಲ್ಲಿ ತನ್ನ ಬೆರಳಿಡಬೇಕು. ಅಲ್ಲಿಗೆ ವಾದ ಮುಗಿಯಿತು. ಬೆರಳು ಬೀಳದ ಬಟ್ಟೆ, ಯಾರು ಏನೇ ಗೊಣಗಲಿ, ಒಳ್ಳೆಯ ಬಟ್ಟೆ. ಜಗತ್ತಿನ ಎಲ್ಲ ನಿಂದೆಯೂ ಹೀಗೆಯೇ ನಡೆಯಬೇಕೆಂದು ತಮ್ಮಣ್ಣ ನಂಬಿದ್ದ. ಮಗಳ ಹಾಡುಗಳು ಹೊರಬರುವ ತನಕ ಆ ನಂಬಿಕೆಗೆ ಏಟು ಬಿದ್ದಿರಲಿಲ್ಲ.

ಮಗಳು ಸಾಕ್ಷಿ ಡ್ರಮ್ ಬಾರಿಸುತ್ತಾಳೆ. ಓಣಿಯ ನಿಲೇಶ, ಸಿದ್ದರಾಯ ಎಂಬ ಇಬ್ಬರು ಹುಡುಗರ ಗಿಟಾರಿನ ಜೊತೆ ಸೇರಿ ಅವಳು ಕಟ್ಟಿದ ಬ್ಯಾಂಡಿನ ಹೆಸರು ‘ಧೋಟಾ’, ಅಂದರೆ ಮಗ್ಗದ ಲಾಳಿ. ಅವರದು ಥ್ರ್ಯಾಶ್ ಮೆಟಲ್ ಎಂಬ ಜಾತಿಯ ಸಂಗೀತ: ಗಿಟಾರು ಗರಗಸದಂತೆ ಕೊಯ್ಯುತ್ತದೆ, ಹಾಡುವವನು ಜಗಳಕ್ಕೆ ನಿಂತಂತೆ ಕೂಗುತ್ತಾನೆ, ಇಬ್ಬರನ್ನೂ ಡ್ರಮ್ಮು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ. ವಾರದ ರಜೆಗೆ ಮಗ್ಗಗಳು ನಿಂತ ಒಂದು ದಿನ, ಮಾಲಕರ ಕೈಕಾಲು ಹಿಡಿದು ಕೀಲಿ ಪಡೆದು, ಶೆಡ್ಡಿನೊಳಗೇ ಎರವಲು ಮೈಕುಗಳನ್ನು ಕಟ್ಟಿ, ತಿದ್ದದೆ ತೀಡದೆ ಒಂದೇ ಉಸಿರಿಗೆ ಬಾರಿಸಿದ ಹಾಡುಗಳನ್ನು ‘ರಾತ್ರಿಪಾಳಿ’ ಎಂದು ಹೆಸರಿಟ್ಟು ಹೊರತಂದರು. ಅದೇ ಅವರ ಮೊದಲ ಆಲ್ಬಮ್ಮು. ಕಂಡಿಕೆಗೆ ನೂಲು ಸುತ್ತುವ ಕೆಲಸದ ಚೆನ್ನವ್ವ, ಸಾಕ್ಷಿಯ ತಾಯಿ, ಮೊದಲ ಶ್ರೋತೃ. “ರಜಾ ದಿನಾದರೂ ಕಿವಿಗಿ ಆರಾಮ ಇತ್ತು. ಅದನ್ನೂ ತಗೊಂಡ್ಲ ನನ್ನವ್ವ” ಎಂದು ಅವಳು ತೀರ್ಪು ಕೊಟ್ಟಳು. ತಮ್ಮಣ್ಣ ಸ್ಪೀಕರಿನ ಜಾಲರಿಯ ಮೇಲೆ ಅಂಗೈಯೂರಿ, ಕಣ್ಣು ಮುಚ್ಚಿ, ಕೊನೆಯ ತನಕ ಕೇಳಿದ. ತೆಳ್ಳನೆಯ ದನಿಗಳು ಅವನ ಕಿವಿಗೆ ತಲುಪುವುದಿಲ್ಲ. ದಪ್ಪನೆಯ ಪೆಟ್ಟುಗಳು ಕೈಗೆ ತಲುಪುತ್ತವೆ.

ಆಮೇಲೆ ಅಭಿಪ್ರಾಯಗಳು ಬರತೊಡಗಿದವು. ಮೊಬೈಲಿನಲ್ಲಿ ಹಾಡಿನ ಕೆಳಗೆ ಕೇಳಿದವರು ಬರೆಯುತ್ತಾರಲ್ಲ, ಅವು. ಇಂಗ್ಲಿಷಿನವುಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಪಾಳಿ ಬಿಟ್ಟು ಬಂದವನೇ ಕಟ್ಟೆಯ ಮೇಲೆ ಕೂತು, “ಇವತ್ ಯಾರ್ಯಾರು ಏನೇನಂದಾರ, ಓದ್ರಿ” ಎನ್ನುತ್ತಿದ್ದ. ಪುಣೆಯ ಕಡೆಯ ಯಾರೋ ಹೊಗಳಿ ಬರೆದಿದ್ದರು: ಒರಟು, ಹಸಿ, ಬಡತನದ ಪ್ರಾಮಾಣಿಕ ಕೋಪ. ತಮ್ಮಣ್ಣನ ಹುಬ್ಬು ಗಂಟಾಯಿತು.

“ಬಡತನದ ಸಿಟ್ಟು ಅಂದ್ರ ಎಂಥಾದ್ರಿ? ಆಕಿಗೆ ಸಿಟ್ಟು ಬಂದಿದ್ದು ನನ್ನ ಮ್ಯಾಲ. ಗಾಡಿ ಕೊಡಸಲಿಲ್ಲಂತ.”

ಇನ್ನೊಬ್ಬರು “ಇದು ಸಂಗೀತವಲ್ಲ, ಮಗ್ಗದ ಸಪ್ಪಳ” ಎಂದು ಹಳಿದಿದ್ದರು. ಅದಕ್ಕೆ ಅವನು ಬೇಸರಿಸಲೇ ಇಲ್ಲ. “ಮಗ್ಗದ ಸಪ್ಪಳ ಕೇಳಿಲ್ಲ ಅಂವಾ. ಕೇಳಿದ್ರ ಹಿಂಗ ಅನ್ನತಿರಲಿಲ್ಲ” ಎಂದು ಬಿಟ್ಟುಬಿಟ್ಟ.

ಬಿಡಲಾಗದ್ದು ಮೂರನೆಯ ಜಾತಿ. ತಲೆಬುರುಡೆಯ ಚಿತ್ರ ಹಾಕಿಕೊಂಡ, ಊರಿಲ್ಲದ, ಹೆಸರಿಲ್ಲದ ಒಬ್ಬ ಬರೆದಿದ್ದ: ಡ್ರಮ್ ಬಾರಿಸಿದ್ದು ಹುಡುಗಿಯಲ್ಲ, ಕಂಪ್ಯೂಟರು, ಹುಡುಗಿಯನ್ನು ಫೋಟೋಕ್ಕೆ ನಿಲ್ಲಿಸಿದ್ದಾರೆ. ಅವನ ಕೆಳಗೆ ಅಂಥವೇ ಬುರುಡೆಗಳು ಹೌದು ಹೌದು ಎಂದವು. ಒಬ್ಬ ನಕ್ಕ, ಒಬ್ಬ ಫೋಟೋದಲ್ಲಿ ಅವಳ ತೋಳು ನೋಡಿ ಇಷ್ಟು ಸಣ್ಣ ಕೈಗೆ ಇದಾಗದು ಎಂದ. ನಾನು ಓದುತ್ತ ಹೋದಂತೆ ತಮ್ಮಣ್ಣನ ದನಿ ಆರಿತು. ಸದ್ದಿಲ್ಲದ ಆ ತುಟಿಗಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎಲ್ಲಿ? ಯಾವ ಜಾಗದಲ್ಲಿ? ಬೆರಳಿಡು.

ಕೊಲ್ಹಾಪುರದಲ್ಲಿ ಇಂಥ ಬ್ಯಾಂಡುಗಳನ್ನು ಕೂಡಿಸಿ ಕಾರ್ಯಕ್ರಮ ಮಾಡಿಸುವ ಕೇದಾರಿ ಎಂಬ ತರುಣನಿದ್ದಾನೆ. ಧೋಟಾಕ್ಕೆ ಅವನು ಒಪ್ಪಿಕೊಂಡಿದ್ದ ಸರದಿಯನ್ನು ಬುರುಡೆಗಳ ಮಾತಿಗೆ ಹೆದರಿ ತಡೆಹಿಡಿದ. ಸಾಕ್ಷಿ ಮೊದಲು ಬಂದು ತನ್ನೆದುರು ಒಬ್ಬಳೇ ಬಾರಿಸಿ ತೋರಿಸಲಿ, ಆಮೇಲೆ ನೋಡೋಣ ಎಂದ. ಸಾಕ್ಷಿ ಒಂದೇ ಮಾತು ಕೇಳಿದಳಂತೆ: “ಹುಡುಗೂರ್ನೂ ಕರದಿಯೇನು ಹಿಂಗ?” ಕರೆದಿರಲಿಲ್ಲ. ಅವಳು ಹೋಗಲಿಲ್ಲ. ಹೋಗುವುದಿಲ್ಲವೆಂದಳು, ಸರದಿ ಹೋದರೆ ಹೋಗಲಿ ಎಂದಳು, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಮ್ಮಣ್ಣ ಕೊಲ್ಹಾಪುರಕ್ಕೆ ಹೋಗಿ ಕೇದಾರಿಯ ಮುಂದೆ ನಿಂತ. “ಲೋಕ ಬೋಲತಾತ, ಕಾಕಾ” ಎಂದನಂತೆ ಆ ಹುಡುಗ, ಜನ ಆಡಿಕೊಳ್ಳುತ್ತಾರೆ ಎಂದು, ಮೊಬೈಲಿನಿಂದ ಕಣ್ಣೆತ್ತದೆ. ಯಾವ ಜನ, ಯಾರ ಮನೆಯವರು ಎಂದು ತಮ್ಮಣ್ಣ ಕೇಳಿದರೆ ಮೊಬೈಲನ್ನೇ ತಿರುಗಿಸಿ ಬುರುಡೆಗಳನ್ನು ತೋರಿಸಿದ.

ಆ ಎಲ್ಲ ಅಭಿಪ್ರಾಯಗಳಲ್ಲಿ ಒಬ್ಬ ಮಾತ್ರ ಸ್ವಂತ ಹೆಸರಿನಲ್ಲಿ, ಸ್ವಂತ ಮೋರೆಯಲ್ಲಿ ಬರೆದಿದ್ದ. ಜಿನಗೊಂಡ, ಗಡಹಿಂಗ್ಲಜ. ಫೋಟೋದಲ್ಲಿ ಅವನ ಬೆನ್ನ ಹಿಂದೆ ಮದುವೆ, ಸಭೆಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವ ಅಂಗಡಿಯ ಬೋರ್ಡೂ ಕಾಣುತ್ತಿತ್ತು. ಅವನು ಬರೆದದ್ದು: “ಹುಡುಗಿಗೆ ತಾಳ ಹಿಡಿಯಲು ಬರುವುದಿಲ್ಲ. ಕಲಿತು ಬರಲಿ.” ಬುರುಡೆಗಳ ಮೇಲಿನ ಸಿಟ್ಟೆಲ್ಲ, ಹೋಗಲು ಬೇರೆ ಹೊಸ್ತಿಲಿಲ್ಲದೆ, ಈ ಒಬ್ಬನ ಮೇಲೆ ತಿರುಗಿತು.

“ಅಪ್ಪಾ, ಯಾರ್ಯಾರೋ ಬರಿತಾರ. ಅದಕ್ಕೆಲ್ಲ ಮಂದಿ ಮನಿಗಿ ಹೊಕ್ಕಾರೇನು?” ಎಂದಳು ಸಾಕ್ಷಿ.

“ಅಂದಾವ್ರ ಮನಿಗಿ ಹೋಗದ ಯಾರ ಮನಿಗಿ ಹೋಗ್ಲಿ?”

ಏನಾದೀತೋ ಎಂದು ಹೆದರಿ ನಾನೂ ಅವನ ಜೊತೆ ಗಡಹಿಂಗ್ಲಜಕ್ಕೆ ಹೊರಟೆ. ಬಸ್ಸು ನಿಪ್ಪಾಣಿ ದಾಟುವ ತನಕ ಅವನ ತುಟಿ ಆಡುತ್ತಲೇ ಇತ್ತು. ಕಂಡಕ್ಟರು ಎರಡು ಸಲ “ಕಾಕಾ, ಕುಠೇ?” ಎಂದು, ಎಲ್ಲಿಗೆ ಟಿಕೆಟ್ಟೆಂದು ಕೇಳಿ, ಕೊನೆಗೆ ನನ್ನ ಮೋರೆ ನೋಡಿದ.

ಅಂಗಡಿಯಲ್ಲೇ ಸಿಕ್ಕ ಜಿನಗೊಂಡ ಮೂಲತಃ ನಾಂದಣಿಯ ಜೈನ ಮನೆತನದವನು. ದುಂಡಗಿನ, ಸಾವಕಾಶದ ಮನುಷ್ಯ. ಬಂದವರು ಯಾರೆಂದು ತಿಳಿದ ಮೇಲೂ ಗಾಬರಿಯಾಗಲಿಲ್ಲ. ಹೊರಗೆ ನೋಡಿ, “ಹೊತ್ತ ಮುಳಗಾಕ ಬಂತು. ನಮ್ಮಲ್ಲಿ ಆಮ್ಯಾಲ ಉಣ್ಣೂದಿಲ್ರಿ. ಮೊದಲ ಎರಡ್ ರೊಟ್ಟಿ ತಿನ್ರಿ, ಆಮ್ಯಾಲ ಜಗಳಾ” ಎಂದ.

ತಮ್ಮಣ್ಣನ ತುಟಿ ಆಡಿತು. “ಏನಂತಾರ್ರಿ ಇವರು?” ಎಂದು ಜಿನಗೊಂಡ ನನ್ನನ್ನು ಕೇಳಿದ.

“ಜಗಳ ಮೊದಲು ಅಂತಾರ” ಎಂದೆ.

“ಆತು. ರೊಟ್ಟಿ ಬಿಸಿ ಇಡಾಕ ಹೇಳತೇನಿ.”

ತಮ್ಮಣ್ಣನಿಗೆ ಆಗ ದನಿ ಬಂತು. “ತಾಳ ಬರೂದಿಲ್ಲ ಅಂದೀರಿ. ಎಲ್ಲಿ? ಜಾಗಾ ತೋರಸ್ರಿ.”

ಜಿನಗೊಂಡ ಎದ್ದು, ಮದುವೆಗೆ ಕಳಿಸುವ ಆಳೆತ್ತರದ ಸ್ಪೀಕರಿಗೆ ಮೊಬೈಲು ಜೋಡಿಸಿ, ನಾಲ್ಕನೆಯ ಹಾಡು ಹಚ್ಚಿದ. ಅಂಗಡಿಯ ತಗಡು ನಡುಗಿತು. ಎದುರಿನ ಕಿರಾಣಿಯವನು ಹೊರಗೆ ಬಂದು ನೋಡಿದ. ತಮ್ಮಣ್ಣ ಜಾಲರಿಗೆ ಅಂಗೈ ಒತ್ತಿ ನಿಂತ. ಹಾಡಿನ ನಡುವೆ ಒಂದು ಕಡೆ ನಿಲ್ಲಿಸಿ, ಹಿಂದೆ ಒಯ್ದು, ಮತ್ತೆ ಹಚ್ಚಿ, ಮೊಬೈಲಿನ ಗೆರೆಯ ಮೇಲೆ ಜಿನಗೊಂಡ ಬೆರಳಿಟ್ಟ. “ಇಲ್ಲಿ. ಒಂದ್ ಪೆಟ್ಟ ತಪ್ಪೇತಿ. ಸಣ್ಣಗ ಕಟಕ್ ಅಂದದ್ದು ಬಾರಸೂ ಸ್ಟಿಕ್ ಬಿದ್ದದ್ದು. ಇನ್ನೊಂದು ತಗೊಳ್ಳೂದ್ರಾಗ ತಡಾ ಆಗೇತಿ, ಅದನ್ನ ಮುಟ್ಟಸಾಕ ಮುಂದ ಓಡ್ಯಾಳ. ನೆಲಾ ಸಿಮೆಂಟಿಂದೇನ್ರಿ?”

ಕಟಕ್ ಎಂಬುದು ತಮ್ಮಣ್ಣನ ಕಿವಿಗೆ ಎಂದೂ ಕೇಳುವ ದನಿಯಲ್ಲ. ಪೆಟ್ಟು ಬೀಳಬೇಕಾದಲ್ಲಿ ಬೀಳದ್ದು ಮಾತ್ರ ಅಂಗೈಗೆ ತಿಳಿಯಿತು. ಮತ್ತೊಮ್ಮೆ ಹಚ್ಚಿಸಿದ, ಮತ್ತೊಮ್ಮೆ. ಮಗಳ ಕೈ ತಪ್ಪಿಲ್ಲವೆಂದು ಸಾರಲು ಇಷ್ಟು ದೂರ ಬಂದವನು ಅವನು. ಅವನ ಮೋರೆ ನೋಡಲಾಗದೆ ನಾನು ಬೋರ್ಡಿನ ಕಡೆ ತಿರುಗಿದೆ. ಆದರೆ ಕಸುಬು ಕಸುಬೇ. ನಿಧಾನವಾಗಿ ಬಗ್ಗಿ, ಜಿನಗೊಂಡನ ಬೆರಳಿನ ಪಕ್ಕದಲ್ಲಿ ತನ್ನ ಬೆರಳನ್ನಿಟ್ಟ.

“ಹೌದ್ರಿ. ಐತಿ.”

ಬೆರಳು ಮಾತ್ರ ಅಲ್ಲಿಂದ ಏಳಲಿಲ್ಲ. “ಸಾವಕಾರ್ರ, ಕಂಪ್ಯೂಟರಿನ ಕೈಯಾಗಿಂದ ಸ್ಟಿಕ್ ಬೀಳತೈತೇನು?” ಎಂದು ಕೇಳಿದ.

ಜಿನಗೊಂಡ ಮೊದಲು ಅವನನ್ನು, ಆಮೇಲೆ ನನ್ನನ್ನು ನೋಡಿ ನಕ್ಕ. “ಅದಕ್ಕ ಕೈ ಎಲ್ಲೈತ್ರಿ?”

“ಹಂಗಾರ ಇದನ್ನ ಬರೀರಿ. ಈಗ ಹೇಳಿದಂಗ, ಜಾಗಾ ಹಾಕಿ.”

“ಬೈದಂಗ ಆಗತೈತಲ್ಲರಿ ಮಗಳಿಗಿ?”

“ಬೈರಿ. ಬೆರಳಿಟ್ಟು ಬೈರಿ.”

ರೊಟ್ಟಿ ಬಂತು. ಜಿನಗೊಂಡ ಬರೆದು ಮುಗಿಸಿದ ಮೇಲೆ, ಹೊತ್ತು ಇನ್ನೂ ಇರುವಾಗಲೇ, ಮೂವರೂ ಕೂತು ಉಂಡೆವು. ತಮ್ಮಣ್ಣ ಜಿನಗೊಂಡನ ಅಂಗಿಯ ಅಂಚು ಹಿಡಿದು ನೋಡಿ, ಚಲೋ ಐತಿ ಎಂದ.

ಮಾರನೆಯ ದಿನ ಬುರುಡೆಗಳು ತಣ್ಣಗಾದವು. ಜಿನಗೊಂಡ ಬರೆದದ್ದನ್ನು ಓದಿದವರೆಲ್ಲ ಹಾಡಿನ ಆ ಜಾಗಕ್ಕೆ ಹೋಗಿ ಸ್ಟಿಕ್ಕು ಬೀಳುವುದನ್ನು ಕೇಳಿ ಬಂದರು. ಕೇದಾರಿ ಸರದಿಯನ್ನು ಹಿಂದಿರುಗಿಸಿದ. ಕ್ಷಮಿಸಿ ಎಂಬ ಮಾತು ಅವನಿಂದ ಬರಲಿಲ್ಲ, ಇಂದಿಗೂ ಬಂದಿಲ್ಲ. ಆದರೆ ಮನೆಯಲ್ಲಿ ಸಾಕ್ಷಿ ಕಿಡಿಯಾಗಿದ್ದಳು. ಸ್ಟಿಕ್ಕು ಜಾರಿದ್ದು ಅವಳಿಗೆ ಗೊತ್ತಿತ್ತು. ಇನ್ನೊಮ್ಮೆ ಬಾರಿಸುವಷ್ಟರಲ್ಲಿ ಮಾಲಕರು ಕೀಲಿಗೆ ಬಂದು ನಿಂತಿದ್ದರು.

“ನನ್ನ ತಪ್ಪ ಊರಿಗೆಲ್ಲ ಸಾರಿ ಬಂದ್ಯಲ್ಲಪ್ಪಾ.”

“ತಪ್ಪು ನಿಂದು ಅಂತ ಸಾರೀನಿ. ಅದನ್ನೂ ನಿಂದಲ್ಲ ಅಂದಿದ್ರು” ಎಂದ ತಮ್ಮಣ್ಣ.

ಚೆನ್ನವ್ವ ಒಳಗಿನಿಂದ, “ಇಬ್ಬರಿಗೂ ಕೂಡಿ ಒಂದ ಚಾ ಮಾಡತೇನಿ, ಹಂಚ್ಕೋರಿ” ಎಂದಳು.

ಕೊಲ್ಹಾಪುರದ ಸಭಾಗೃಹದಲ್ಲಿ ಧೋಟಾದ ಸರದಿ ಬಂದ ಮಧ್ಯಾಹ್ನ ತಮ್ಮಣ್ಣ ಸ್ಪೀಕರಿಗೆ ಅಂಗೈ ಹಚ್ಚಿ ನಿಂತಿದ್ದ. ನಾಲ್ಕನೆಯ ಹಾಡಿನ ಆ ಜಾಗ ಬಂದಾಗ ಅಂಗೈಯನ್ನು ಇನ್ನಷ್ಟು ಒತ್ತಿದ. ಪೆಟ್ಟು ಬಿತ್ತು. ಮನೆಗೆ ಬಂದ ಮೇಲೆ ಹೊಸ ಅಭಿಪ್ರಾಯಗಳನ್ನು ಓದಿಸಿದ. ಯಾರೋ “ಅದ್ಭುತ” ಎಂದು ಬರೆದಿದ್ದರು. ಅವನ ಹುಬ್ಬು ಮತ್ತೆ ಗಂಟಾಯಿತು: “ಎಲ್ಲಿ ಅಂತ ಬರದಿಲ್ಲಲ್ರಿ.”

ಇಂಥವರನ್ನು ನಾವು ಜಗಳಗಂಟರೆನ್ನುತ್ತೇವೆ. ಹೊಗಳಿಕೆಗೆ ಹಸಿದವರೆಂದು ತಪ್ಪಾಗಿ ಎಣಿಸುತ್ತೇವೆ. ಅವರಿಗೆ ಬೇಕಾದದ್ದು ಹೊಗಳಿಕೆಯಲ್ಲ. ದುಡಿದವರ ಗುಣವನ್ನು ಕಸಿದುಕೊಳ್ಳುವವರನ್ನು ಅವರು ಹೇಗೋ ಸಹಿಸಿಯಾರು. ದುಡಿದವರ ತಪ್ಪನ್ನೂ ಕಸಿದು, ಈ ಕೆಲಸಕ್ಕೆ ನಿನ್ನ ಕೈ ತಾಗಿಯೇ ಇಲ್ಲ ಎನ್ನುವವರ ಮುಂದೆ ಅವರ ದನಿ ಆರಿಹೋಗುತ್ತದೆ. ಆಗ ಅವರ ತುಟಿ ಓದುವವರು ಯಾರಾದರೂ ಹತ್ತಿರ ಇರಬೇಕು.