ಸಾಹೇಬರ ಹಾಸಿಗೆ

“ಏ ಸೂಳೆಮಗನ, ನಿನ್ನ ಇಂಗ್ಲೀಷ್ ಆಮ್ಯಾಲ ಉಗುಳುವಂತಿ. ಮೊದಲ ಹಾಸಿಗಿ ಎತ್ತು! ತಾಡಪತ್ರಿ ಹೊರಗಷ್ಟ ಹಿಡಿ, ಒಳಗಿನ ಗಾದಿಗಿ ನಿನ್ನ ಕೈ ಹತ್ತೀತು!”

ಗೌಡ ಭಗವಂತರಾಯ ಹಾಸಿಗೆಯ ಸುರುಳಿಯನ್ನು ಕಾಲಿನಿಂದಲೇ ಮಾನಪ್ಪನ ಕಡೆ ಉರುಳಿಸಿದ. ಗೌಡನ ಮನೆಯಲ್ಲಿ ಉಂಡು ಮಲಗಿ ಎದ್ದ ಪರೀಕ್ಷೆಯ ಸಾಹೇಬರದು ಅದು. ಸುರಪುರದಲ್ಲಿ ಇವತ್ತು ಮಾಸ್ತರಿಕೆಯ ಪರೀಕ್ಷೆ. ನಡೆಸುವವರು ಇದೇ ಸಾಹೇಬರು. ಅವರ ಜೀಪಿನಲ್ಲಿ ಗೌಡ, ಪರೀಕ್ಷೆಗೆ ಹೊರಟ ಗೌಡನ ಅಳಿಯ, ಜೊತೆಗೊಂದು ಕಾಣಿಕೆಯ ಟಗರು. ಹಾಸಿಗೆಗೆ ಎಲ್ಲಿಯ ಜಾಗ? ದೌರೆಯ ಮೇಲೆ ಊರೂರು ತಿರುಗುವ ಅಧಿಕಾರಿಯ ಗಂಟನ್ನು ಮುಂದಿನ ಊರಿಗೆ ಹೊರುವುದು ಮಾನಪ್ಪನ ಮನೆತನದ ಬಿಟ್ಟಿ ಚಾಕರಿ.

“ಯಪ್ಪಾ, ನಾನೂ ಪರೀಕ್ಷಾಕ್ಕ ಕುಂದರಾಂವ ಅದೀನ್ರಿ.”

“ಕುಂದರು, ಯಾರ್ ಬ್ಯಾಡಂದ್ರು? ಹಾಸಿಗಿ ಮುಟ್ಟಿಸಿ ಕುಂದರು.”

ಪಾಸಾದರೆ ಈ ಬಿಟ್ಟಿ ತಪ್ಪುತ್ತಿತ್ತು. ಈ ವರ್ಷ ದಾಟಿದರೆ ವಯಸ್ಸು ಮೀರುತ್ತಿತ್ತು. ತಾಯಿ ಮಾಳಮ್ಮ ರೊಟ್ಟಿ ಕಟ್ಟಿಕೊಟ್ಟು ಧೈರ್ಯ ಹೇಳಿದಳು: “ಹುಚ್ಚಪ್ಪಾ, ಸಾಹೇಬರ ಗಂಟ ನಿನ್ನ ತಲಿಮ್ಯಾಗ ಐತಿ. ನಿನ್ನ ಬಿಟ್ಟು ಪರೀಕ್ಷಾ ಹ್ಯಾಂಗ ನಡಸ್ತಾರ?”

ಪಾಪ, ಅವನೂ ನಂಬಿದ. ಗಂಟು ಮುಟ್ಟುವ ತನಕ ಸಾಹೇಬರ ಕಚೇರಿ ಶುರುವಾಗುವುದಿಲ್ಲ ಎಂಬುದು ಕೇರಿಯಲ್ಲಿ ಅಜ್ಜನ ಕಾಲದ ತಿಳುವಳಿಕೆ. ಆ ಕಾಲದ ಸಾಹೇಬರು ಜೀಪಿನಲ್ಲಿ ಬರುತ್ತಿರಲಿಲ್ಲ.

ಗಂಟು ಹೊತ್ತು ನಡೆದ ದಾರಿಯುದ್ದಕ್ಕೂ ಇಂಗ್ಲೀಷ್ ಪದಗಳ ಬಾಯಿಪಾಠ. ನಿಜಾಮರ ಆಳ್ವಿಕೆ ಹೋದ ಮೇಲೆ ಕೆಲಸ ಕಳೆದುಕೊಂಡ ಉರ್ದು ಮಾಸ್ತರ ಮಕ್ತುಮಸಾಬ, ರಂಗಂಪೇಟೆಯ ತನ್ನ ಮನೆಯಲ್ಲಿ ತನ್ನ ಚಾಪೆಯ ಮೇಲೇ ಕೂಡಿಸಿಕೊಂಡು ಕಲಿಸಿದ್ದ. ಮೊದಲು ಪದ, ಆಮೇಲೆ ಅರ್ಥ, ಸಮಾನಪದ, ವಾಕ್ಯ. “ಅರ್ಥ ಕಿತಾಬಿಂದ ಇರ್ಲಿ ಬೇಟಾ, ವಾಕ್ಯ ನಿಂದಾ ಇರ್ಬೇಕು.”

ಅಬಾಲಿಶ್. ಇದ್ದ ಪದ್ಧತಿಯನ್ನು ರದ್ದು ಮಾಡುವುದು. ಎಂಡ್ ಎಂದರೂ ಅದೇ. ವಾಕ್ಯ: ಗೌರ್ಮೆಂಟ್ ಹ್ಯಾಸ್ ಅಬಾಲಿಶ್ಡ್ ಬಿಟ್ಟಿ. ಖರೆ ಮಾತೇ. ಹೋದ ವರ್ಷ ಹಲಗೆ ಬಡಿದು ಆ ಡಂಗುರ ಸಾರಿದವನು ಮಾನಪ್ಪನೇ. ಅದನ್ನೂ ಬಿಟ್ಟಿಯಾಗಿಯೇ ಸಾರಿದ್ದ.

ಎಲಿಜಿಬಲ್. ಯೋಗ್ಯತೆ ಉಳ್ಳವನು. ಕ್ವಾಲಿಫೈಡ್. ವಾಕ್ಯ: ಐ ಆಮ್ ಎಲಿಜಿಬಲ್. ಇದನ್ನು ಹೇಳುವಾಗೆಲ್ಲ ಅವನಿಗೆ ನಾಚಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಸುರಪುರ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು, ಶಾಲೆಯ ಬಾಗಿಲು ಹಾಕಿತ್ತು. ಕಿಟಕಿಯೊಳಗೆ ಗೌಡನ ಅಳಿಯ ಪೆನ್ನು ಕಚ್ಚುತ್ತ ಕುಳಿತಿದ್ದ. ಬಾಗಿಲು ಬಡಿದರೆ ಸಾಹೇಬರೇ ಬಂದರು.

“ಹಾಸಿಗಿ ಬಂತೇನು? ಅಲ್ಲಿಡು.”

“ನಂದೂ ಪರೀಕ್ಷಾ ಐತ್ರಿ, ಸಾಹೇಬ್ರ.”

“ಈಗ ಬಂದ್ರ? ಟೈಮ್ ಮೀರೇದ. ಕಾಯ್ದೆ ಅಂದ್ರ ಕಾಯ್ದೆ.”

“ನಿಮ್ಮ ಗಂಟ ಹೊತ್ತಿದ್ದಕ್ಕ ತಡಾ ಆತ್ರಿ! ಐ ಆಮ್ ಎಲಿಜಿಬಲ್, ಸರ್.”

ಸಾಹೇಬರು ವರಾಂಡದ ಕುರ್ಚಿಯಲ್ಲಿದ್ದ ಗೌಡನ ಕಡೆ ತಿರುಗಿ ನಕ್ಕರು. “ಕೇಳಿದ್ರೇನು ಗೌಡ್ರ? ನಿಮ್ಮ ಹಮಾಲ ಇಂಗ್ಲೀಷ್ ಮಾತಾಡ್ತಾನ!” ಬಾಗಿಲು ಮುಚ್ಚಿ ಒಳಗಿನಿಂದ ಅಗಳಿ ಹಾಕಿಕೊಂಡರು.

ಮಾನಪ್ಪ ಸಾಹೇಬರು ತೋರಿಸಿದಲ್ಲಿ ಗಂಟು ಇಡಲಿಲ್ಲ. ಸುರುಳಿಯನ್ನು ಅಂಗಳದ ನಡುವೆ ಇಳಿಸಿದ. ಹಗ್ಗ ಬಿಚ್ಚಿ, ಬಿಳಿ ಗಾದಿ ಹಾಸಿ, ಧೂಳುಗಾಲಿನಲ್ಲೇ ಹತ್ತಿ ಕುಳಿತ.

“ಏಳಲೇ ಬೋಸುಡಿಮಗನ! ಸಾಹೇಬ್ರ ಹಾಸಿಗಿ ಮೈಲಿಗಿ ಮಾಡ್ದೆಲ್ಲಲೇ!” ಗೌಡ ಬಡಿಗೆ ಹಿಡಿದು ಅಂಗಳಕ್ಕಿಳಿದ.

“ಅಬಾಲಿಶ್!” ಮಾನಪ್ಪ ಕಿಟಕಿಗೆ ಕೇಳುವಂತೆ ಕೂಗಿದ. ಅರ್ಥ ಹೇಳಿದ. ಮೊದಲ ಏಟು ಭುಜಕ್ಕೆ ಬಿತ್ತು. “ಎಂಡ್!” ಎಂದ. ಮುಂದಿನ ಏಟಿಗೆ ತುಟಿ ಒಡೆದು ಗಾದಿ ಕೆಂಪಾಯಿತು. ಒಳಗಿನಿಂದ ಯಾರೋ ಕಿಟಕಿ ಮುಚ್ಚಿದರು.

ಅವನು ಏಳಲಿಲ್ಲ. ಬಾಯೊಳಗಿನ ರಕ್ತ ಉಗುಳಿ, ವಾಕ್ಯ ಹೇಳಲು ಶುರು ಮಾಡಿದ.