ಹುರಿಹಿಟ್ಟಿನ ಗಿರಾಕಿಗಳು

ಗಂಗಾಂಬಿಕಾ ಹುರಿಹಿಟ್ಟು ಮಾಡಲು ಶುರು ಮಾಡಿದ್ದು ಕೂಸುಗಳಿಗೆಂದೇ. ಮೊಳಕೆ ಬರಿಸಿ ಒಣಗಿಸಿದ ರಾಗಿ, ಹೆಸರುಕಾಳು, ಕಡಲೆ ಎಲ್ಲವನ್ನೂ ಸಣ್ಣ ಉರಿಯಲ್ಲಿ ಹುರಿದು, ಗಂಡ ಮರುಳಪ್ಪನ ಗಿರಣಿಯಲ್ಲಿ ಬೀಸಿಸಿ, ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದಳು. ಅವಳ ಎರಡೂ ಮಕ್ಕಳು ಇದೇ ಹಿಟ್ಟಿನ ಗಂಜಿ ಕುಡಿದು ಗುಂಡಗುಂಡಗೆ ಬೆಳೆದಿದ್ದವು. ಕೊಟ್ಟೂರಿನಲ್ಲಿ ಆಗಲೇ ಮೂರ್ನಾಲ್ಕು ಗಿರಣಿಗಳಾಗಿ ಮರುಳಪ್ಪನ ವ್ಯಾಪಾರ ಬಿದ್ದುಹೋಗಿತ್ತು. ಹಿಟ್ಟು ಕೈ ಹಿಡಿದೀತೆಂದು ನಂಬಿ, ದಾವಣಗೆರೆಯಲ್ಲಿ ನಗುವ ಕೂಸಿನ ಚಿತ್ರದ ಚೀಲ ಅಚ್ಚು ಹಾಕಿಸಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಅಂಗಡಿಗಳಿಗೆಲ್ಲ ಹಂಚಿದರು.

ಹೋದ ಚೀಲಗಳು ಹುಳ ಹಿಡಿದು ತಿರುಗಿ ಬಂದವು.

"ಬಡವರು ಮನ್ಯಾಗ ರಾಗಿ ಇಲ್ಲೇನು ಅಂತಾರ್ರಿ ಅಕ್ಕಾರ. ಉಳ್ಳವರು ಔಷಧಿ ಅಂಗಡ್ಯಾಗಿನ ಡಬ್ಬಿ ಒಯ್ತಾರ," ಎಂದ ಹಗರಿಬೊಮ್ಮನಹಳ್ಳಿಯ ಅಂಗಡಿಕಾರ ಎರ್ರೆಪ್ಪ, ಚೀಲಗಳನ್ನು ಅವಳ ಮುಂದೆ ಸರಿಸುತ್ತ. "ನಿಮ್ಮ ಹಿಟ್ಟು ಕೆಟ್ಟದಲ್ಲ. ಆದ್ರ ಅದು ಯಾರಿಗೆ ಬೇಕು ಅನ್ನೋದು ನನಗ ತಿಳೀವಲ್ದು."

ಅವಳಿಗೂ ತಿಳಿಯಲಿಲ್ಲ. ಬಸ್ಸಿನಲ್ಲಿ ಊರಿಗೆ ಮರಳುವಾಗ ದಾರಿಯುದ್ದಕ್ಕೂ ಕಂಕುಳ ಕೂಸುಗಳನ್ನು ನೋಡುತ್ತ ಬಂದಳು. ಹಿಟ್ಟು ತಿನ್ನಬೇಕಾದವರು ಇವರೇ ಅಲ್ಲವೇ? ಇವರಿಗೆ ಬೇಡವಾದರೆ ಮತ್ತಾರಿಗೆ?

ಉತ್ತರ ತಾನಾಗಿ ಗಿರಣಿಯ ಬಾಗಿಲಿಗೆ ಬಂತು. ಹಂಪಸಾಗರದ ಹಂಪಮ್ಮ ಎಂಬ ಹೆಂಗಸು ಪ್ರತಿ ವಾರ ಬಂದು ಕೈಚೀಲ ತುಂಬ ಹಿಟ್ಟು ಒಯ್ಯತೊಡಗಿದಳು. ಒಂದು ದಿನ ಗಂಗಾಂಬಿಕಾ ನಗುತ್ತ ಕೇಳಿದಳು:

"ಎಷ್ಟು ಮಕ್ಕಳವ್ವಾ ನಿನಗ?"

"ಮಕ್ಕಳಿಲ್ರಿ ಅಕ್ಕಾರ. ನಮ್ಮ ಮನಿಯವ್ರಿಗೆ ಇದು." ಹಂಪಮ್ಮ ಆಚೀಚೆ ನೋಡಿ ದನಿ ಇಳಿಸಿದಳು. "ಲಾರಿ ಓಡಸ್ತಿದ್ರು. ಈಗ ಆ ರೋಗ ಬಂದೈತಿ. ಬಾಯೆಲ್ಲ ಹುಣ್ಣು. ಏನು ಉಣಿಸಿದ್ರೂ ಕಕ್ಕತಾರ. ನಿಮ್ಮ ಹಿಟ್ಟಿನ ಗಂಜಿ ಒಂದ ಹೊಟ್ಟ್ಯಾಗ ನಿಲ್ಲತೈತಿ."

ಯಾವ ರೋಗವೆಂದು ಗಂಗಾಂಬಿಕಾ ಕೇಳಲಿಲ್ಲ. ಏಡ್ಸಿನ ಸುದ್ದಿ ಊರೂರಿಗೆ ಹಬ್ಬಿದ್ದ ಆ ವರ್ಷಗಳಲ್ಲಿ ಹೆಸರೆತ್ತದೆ ಹೇಳುವ ರೋಗ ಒಂದೇ ಇತ್ತು. ಆವತ್ತು ಅವಳು ಹಂಪಮ್ಮನನ್ನು ಕೂಡಿಸಿ ಚಹಾ ಕೊಟ್ಟಳು. ಮುಂದಿನ ವಾರಕ್ಕೆ ಹುಣ್ಣಿಗೆ ಉರಿಯದಂತೆ ಏಲಕ್ಕಿ, ಸಕ್ಕರೆ ಸೇರಿಸದೆ, ಇನ್ನೂ ನುಣ್ಣಗೆ ಬೀಸಿಸಿ ಬೇರೆಯೇ ಹಿಟ್ಟು ಮಾಡಿಟ್ಟಳು. ಹಂಪಮ್ಮ ಆಸ್ಪತ್ರೆಯ ಸಾಲಿನಲ್ಲಿ ಕಂಡವರಿಗೆಲ್ಲ ಹೇಳಿದಳು. ಹಡಗಲಿ ಕಡೆಯಿಂದ, ಮಾಗಳದಿಂದ, ಕೂಡ್ಲಿಗಿಯಿಂದ ಜನ ಬಂದರು. ತಲೆ ತಗ್ಗಿಸಿ ಬಂದು, ಹಿಟ್ಟು ಚೀಲಕ್ಕಿಳಿಸಿ, ತಲೆ ತಗ್ಗಿಸಿಯೇ ಹೋಗುವವರು. ನಗುವ ಕೂಸಿನ ಚಿತ್ರ ಅವರ ಕೈಯಲ್ಲಿ ನೋಡಲಾಗದೆ ಗಂಗಾಂಬಿಕಾ ಬಿಳಿ ಚೀಲ ತರಿಸಿದಳು.

"ಕಡಿಗೂ ನಿನ್ನ ಗಿರಾಕಿ ಸಿಕ್ಕರು ನೋಡು," ಎಂದು ಮರುಳಪ್ಪ ಹಿಗ್ಗಿದ.

ಅವಳಿಗೆ ಹಿಗ್ಗಲಾಗಲಿಲ್ಲ. ಬೇರೆ ವ್ಯಾಪಾರದಲ್ಲಿ ಗಿರಾಕಿ ಬರುವುದು ಬಿಟ್ಟರೆ ಮತ್ತೊಂದು ಅಂಗಡಿಗೆ ಹೋದನೆಂದು ಅರ್ಥ. ಇಲ್ಲಿ ಹಾಗಲ್ಲ. ಮಾಗಳದ ಹುಡುಗಿಯೊಬ್ಬಳು ಬರುವುದು ನಿಂತಿತು. ಹಡಗಲಿಯ ಮೇಷ್ಟ್ರೂ ಬರಲಿಲ್ಲ. ಅವರಿಗೆಂದು ತೆಗೆದಿಟ್ಟ ಚೀಲಗಳನ್ನು ಇನ್ನೊಬ್ಬರಿಗೆ ಕೊಡುವ ಮೊದಲು ಅವಳು ಇನ್ನೂ ಒಂದು ವಾರ ಕಾದು ನೋಡುತ್ತಿದ್ದಳು.

ಸುದ್ದಿ ಊರಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಪಕ್ಕದ ಓಣಿಯ ನಾಗಲಿಂಗಮ್ಮ ಬೆಳಿಗ್ಗೆ ಇಟ್ಟುಹೋದ ಜೋಳದ ಪುಟ್ಟಿಯನ್ನು ಮಧ್ಯಾಹ್ನ ವಾಪಸು ಎತ್ತಿಕೊಂಡಳು.

"ಬೀಸೋದು ಬ್ಯಾಡ ಬಿಡ್ರಿ. ಆ ರೋಗದೋರ ಹಿಟ್ಟೂ ಇದ ಕಲ್ಲಿನಾಗ ಬೀಸ್ತೀರಂತ."

"ಅವರು ಹಿಟ್ಟು ಒಯ್ತಾರ ಅಷ್ಟ ರೀ. ಅದರಿಂದ ಕಲ್ಲಿಗೇನಾಗತೈತಿ?" ಎಂದಳು ಗಂಗಾಂಬಿಕಾ.

"ಏನಾಗತೈತೋ ಏನೋ. ನಮ್ಮ ಮನ್ಯಾಗ ಸಣ್ಣ ಮಕ್ಕಳದಾವು ತಾಯಿ."

ಜೋಳ ಬೀಸಿಸುವವರು ಒಬ್ಬೊಬ್ಬರೇ ಬರುವುದು ಬಿಟ್ಟರು. ತಮ್ಮ ಮಕ್ಕಳ ಪಕ್ಕ ಶಾಲೆಯಲ್ಲಿ ಯಾರೂ ಕೂಡುತ್ತಿಲ್ಲವೆಂದು ಗೊತ್ತಾದ ದಿನ ಮರುಳಪ್ಪ ಉಣ್ಣದೆ ಎದ್ದ.

"ಸಾಕು ಮಾಡು ಗಂಗಾ. ಅವರಂತೂ ಉಳಿಯೋದಿಲ್ಲ. ಅವರ ಸಲುವಾಗಿ ನಾವೂ ಊರು ಬಿಡಬೇಕೇನು?"

"ಉಳಿಯೋತನಕ ಏನರ ಉಣ್ಣಬೇಕಲ್ಲರೀ," ಎಂದಳು.

ಆ ವಾರ ಹಂಪಮ್ಮ ಬರಲಿಲ್ಲ. ಮರುವಾರವೂ ಇಲ್ಲ. ಗಂಗಾಂಬಿಕಾ ಹಿಟ್ಟು ಕಟ್ಟಿಕೊಂಡು ಹಂಪಸಾಗರದ ಬಸ್ಸು ಹತ್ತಿದಳು. ಮನೆ ಕೇಳಿದರೆ ಜನ ಬೆರಳು ತೋರಿಸಿ ದೂರ ಸರಿದರು. ಹಂಪಮ್ಮನ ಗಂಡ ಹುಲುಗಪ್ಪ ತೀರಿಕೊಂಡು ಆಗಲೇ ದಿನಗಳಾಗಿದ್ದವು. ಅತ್ತೆಮನೆಯವರು ಹಂಪಮ್ಮನನ್ನು ದನದ ಕೊಟ್ಟಿಗೆಗೆ ಹಾಕಿದ್ದರು. ಗೋಡೆಗೆ ಒರಗಿ ಕುಳಿತಿದ್ದ ಅವಳ ತುಟಿಯ ಅಂಚಿನಲ್ಲೂ ಹುಣ್ಣುಗಳೆದ್ದಿದ್ದವು.

"ನನಗೂ ಐತಂತ್ರಿ ಅಕ್ಕಾರ," ಎಂದಳು, ಏನೋ ತಪ್ಪು ಮಾಡಿದವಳ ಹಾಗೆ.

ಗಂಗಾಂಬಿಕಾ ಮೂರು ಕಲ್ಲು ಹೂಡಿ ಗಂಜಿ ಕಾಸಿದಳು. ಆರಿಸಿ ಆರಿಸಿ ಚಮಚೆಯಲ್ಲಿ ಕುಡಿಸಿದಳು. ಹಂಪಮ್ಮ ಪಾತ್ರೆ ಖಾಲಿ ಮಾಡಿ ಹೇಳಿದಳು: "ಅವರು ಇದನ್ನ ಯಾಕ ಅಷ್ಟು ಕೇಳ್ತಿದ್ರು ಅಂತ ಈಗ ಗೊತ್ತಾತು ನೋಡ್ರಿ." ಬರುವ ವಾರ ಮತ್ತೆ ತರುತ್ತೇನೆಂದು ಮಾತು ಕೊಟ್ಟು ಗಂಗಾಂಬಿಕಾ ಎದ್ದಳು.

ಊರಿಗೆ ಬಂದರೆ ಗಿರಣಿಯ ಬಾಗಿಲು ತೆರೆದಿತ್ತು, ಒಳಗೆ ಯಂತ್ರವಿರಲಿಲ್ಲ. ಹರಪನಹಳ್ಳಿಯ ಯಾರಿಗೋ ಮಾರಿ ಕಳಿಸಿದ್ದ ಮರುಳಪ್ಪ. ಯಂತ್ರ ಕೂಡಿಸಿದ್ದ ಕಟ್ಟೆಯ ಮೇಲೆ ಹೆಂಡತಿಗೆ ಬೆನ್ನು ತಿರುಗಿಸಿ ಕುಳಿತಿದ್ದ. ಅವಳು ಜಗಳವಾಡಲಿಲ್ಲ. ಬೇರೆ ಗಿರಣಿಗಳಿಗೆ ಹೋಗಿ ಕೇಳಿದಳು. ಅವಳ ಕೈಯ ರಾಗಿಯನ್ನು ಒಬ್ಬರೂ ಮುಟ್ಟಲಿಲ್ಲ. ಒರಳಿನಲ್ಲಿ ಕುಟ್ಟಿದಳು, ಆ ತರಿ ಹುಣ್ಣಿನ ಬಾಯಿಗೆ ಇಳಿಯುವಂಥದಲ್ಲ. ಹಂಪಸಾಗರಕ್ಕೆ ಹೇಳಿದ ವಾರ ಕಳೆಯಿತು. ಬರಿಗೈಯಲ್ಲಿ ಹೋಗುವ ಧೈರ್ಯ ಅವಳಿಗಾಗಲಿಲ್ಲ.

ಮರುದಿನ ಕೂಡ್ಲಿಗಿಯ ದುರುಗಪ್ಪನೆಂಬ ಮುದುಕ ಬಾಗಿಲಲ್ಲಿ ನಿಂತ. ಮಗಳಿಗಾಗಿ ತಪ್ಪದೆ ಹಿಟ್ಟು ಒಯ್ಯುತ್ತಿದ್ದವನು.

"ಇಲ್ಲ ಯಜ್ಜಾ. ಗಿರಣಿ ಮಾರಿಬಿಟ್ಟಾರ."

ಮುದುಕನಿಗೆ ಅದು ಒಮ್ಮೆಲೇ ತಲೆಗೆ ಹೋಗಲಿಲ್ಲ. ಒಳಗೆ ಇಣುಕಿ ನೋಡಿದ.

"ಹಂಗಾದ್ರ ಮತ್ತೆ ಎಲ್ಲಿ ಸಿಗತೈತಿ ತಾಯಿ? ಎಷ್ಟು ದೂರಾದ್ರೂ ಹೋಗ್ತೀನಿ."

ಗಂಗಾಂಬಿಕಾಗೆ ಹೇಳಲು ಯಾವ ಊರೂ ಇರಲಿಲ್ಲ. ಅವನು ಮೆಟ್ಟಿಲ ಮೇಲೆ ಕುಳಿತ. ಅವಳು ನೀರು ತಂದು ಕೊಟ್ಟಳು. ಬಸ್ಸಿನ ಹೊತ್ತಾಗುವವರೆಗೂ ಇಬ್ಬರೂ ಹಾಗೆಯೇ ಕುಳಿತರು. ಆಮೇಲೆ ಮುದುಕ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಿಲ್ದಾಣದ ಕಡೆ ನಡೆದ.