ಸಂಪರ್ಕದಲ್ಲಿರಲಿಲ್ಲ

ವರ್ಷಿಣಿ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದಳು, ಎಣಿಸುವುದು ಮಾತ್ರ ಗುಜರಾತಿಯಲ್ಲಿ. ರೈಲ್ವೆಯಲ್ಲಿದ್ದ ತಂದೆ ವಾಮನರಾಯರಿಗೆ ಗದಗಿನಿಂದ ವಡೋದರಕ್ಕೆ ವರ್ಗವಾದಾಗ ಅವಳಿನ್ನೂ ಒಂದನೇ ಕ್ಲಾಸು. ಈಗ ಇಂಜಿನಿಯರಿಂಗ್ ಮೂರನೇ ವರ್ಷ ಮುಗಿಸಿ, ಬೇಸಿಗೆಯ ಓಪನ್ ಸೋರ್ಸ್ ತರಬೇತಿಯೊಂದಕ್ಕೆ ಆಯ್ಕೆಯಾಗಿದ್ದಳು. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ತಂತ್ರಾಂಶಗಳಿಗೆ ವಿದ್ಯಾರ್ಥಿಗಳು ಕೋಡ್ ಬರೆಯಬೇಕು. ದಾರಿ ತೋರಿಸಲು ಒಬ್ಬೊಬ್ಬರಿಗೆ ಒಬ್ಬ ಮೆಂಟರ್.

ಅವಳ ಪಾಲಿಗೆ ಬಂದದ್ದು ಕಣ್ಣು ಕಾಣದವರಿಗೆ ಪರದೆಯ ಬರಹ ಓದಿ ಹೇಳುವ ತಂತ್ರಾಂಶ. ಕನ್ನಡದಲ್ಲಿ ಅದು ಹನ್ನೆರಡು ಸಾವಿರವನ್ನು ‘ಒಂದು, ಎರಡು, ಸೊನ್ನೆ, ಸೊನ್ನೆ, ಸೊನ್ನೆ’ ಎಂದು ಓದುತ್ತಿತ್ತು. ಅದನ್ನು ಸರಿಪಡಿಸುವುದು ಅವಳ ಕೆಲಸ. ಮೆಂಟರ್ ಹೃಷಿಕೇಶ ಮೈಸೂರಿನವನು, ಅಹಮದಾಬಾದಿನಲ್ಲಿ ಕೆಲಸ.

‘ನಮ್ಮವನ ಸಿಕ್ಕ ನೋಡು’ ಎಂದು ತಾಯಿ ಸುಭದ್ರಾ ಖುಷಿಪಟ್ಟರು.

ವಿದ್ಯಾರ್ಥಿಗಳಿಂದ ಏನು ನಿರೀಕ್ಷಿಸುತ್ತೇವೆ ಎಂಬುದನ್ನು ಸಂಘಟಕರು ಮೊದಲೇ ತಿಳಿಸಿದ್ದರು. ಚರ್ಚೆಯೆಲ್ಲ ಎಲ್ಲರಿಗೂ ಕಾಣುವ ಆನ್‌ಲೈನ್ ವೇದಿಕೆಯಲ್ಲೇ ಆಗಬೇಕು, ವಾರವಾರ ವರದಿ ಬರೆಯಬೇಕು, ಸಿಕ್ಕಿಹಾಕಿಕೊಂಡರೆ ಸುಮ್ಮನೆ ಕೂರದೆ ಕೇಳಬೇಕು. ವರ್ಷಿಣಿ ಎಲ್ಲದಕ್ಕೂ ಒಪ್ಪಿದ್ದಳು. ಮೊದಲ ಫೋನಿನಲ್ಲೇ ಹೃಷಿಕೇಶ ಬೇರೆ ಮಾತು ಹೇಳಿದ.

‘ಅಲ್ಲಿ ದೊಡ್ಡದೊಡ್ಡವರು ನೋಡ್ತಿರ್ತಾರೆ. ಸಣ್ಣಪುಟ್ಟದ್ದೆಲ್ಲ ಕೇಳಿ ಮರ್ಯಾದೆ ಕಳ್ಕೋಬೇಡ. ನಂಗೇ ವಾಟ್ಸಾಪ್ ಮಾಡು. ವಾರದ ವರದಿನೂ ನಂಗೇ ಕಳಿಸು, ನಾನು ತಿದ್ದಿ ಹಾಕ್ತೀನಿ.’

‘ಆಯ್ತು ಸರ್.’

‘ಸರ್ ಯಾಕೆ, ಅಣ್ಣ ಅನ್ನು.’

ಮೊದಮೊದಲು ಅವನು ಚೆನ್ನಾಗಿಯೇ ಹೇಳಿಕೊಟ್ಟ. ಮನೆಯಲ್ಲಿ ವಾಮನರಾಯರು ಊಟಕ್ಕೆ ಕೂತಾಗ ಮಗಳಿಗೆ ಮಗ್ಗಿ ಹೇಳಿಸಿದ ಹಾಗೆ ಸಂಖ್ಯೆ ಹೇಳಿಸುತ್ತಿದ್ದರು. ಐವತ್ತೊಂಬತ್ತು, ಅರವತ್ತೊಂಬತ್ತು ಎನ್ನುವಲ್ಲಿ ಅವಳು ತಪ್ಪಿದರೆ ಇಬ್ಬರೂ ನಗುತ್ತಿದ್ದರು. ಲಕ್ಷದವರೆಗೂ ಸರಿಯಾಗಿ ಓದುವ ಕೋಡ್ ತಯಾರಾಯಿತು. ಅದನ್ನು ಹೃಷಿಕೇಶನಿಗೆ ಕಳಿಸಿದಳು.

ಉತ್ತರ ಬರಲಿಲ್ಲ. ಅವನು ಆಗಷ್ಟೇ ಕಂಪನಿ ಬದಲಾಯಿಸಿದ್ದ. ಮತ್ತೆ ಕಳಿಸಿದಳು. ವಾರ ಕಳೆದ ಮೇಲೆ, ವೇದಿಕೆಯಲ್ಲಿ ಕೇಳಲೇ ಎಂದು ಬರೆದದ್ದಕ್ಕೆ ಮಾತ್ರ ಕೂಡಲೇ ಉತ್ತರ ಬಂತು: ‘ಅಲ್ಲಿ ಬರೀಬೇಡ. ನಂಗೆ ಕೆಟ್ಟ ಹೆಸರು. ಈ ವೀಕೆಂಡ್ ನೋಡ್ತೀನಿ.’

ಅವಳು ಕಾದಳು. ತರಬೇತಿಯ ನಡುವಿನ ಮೌಲ್ಯಮಾಪನದ ಫಲಿತಾಂಶ ಮೇಲ್‌ನಲ್ಲಿ ಬಂತು. ಅನುತ್ತೀರ್ಣ, ಅಂದರೆ ತರಬೇತಿಯಿಂದಲೇ ಹೊರಗೆ. ಕೆಳಗೆ ಮೆಂಟರ್ ಬರೆದ ಕಾರಣ: ವಿದ್ಯಾರ್ಥಿನಿ ಸಂಪರ್ಕದಲ್ಲಿರಲಿಲ್ಲ, ಕೆಲಸ ಯಾವುದೂ ಕಂಡುಬಂದಿಲ್ಲ.

‘ಅಪ್ಪಾ, ಫೇಲ್ ಮಾಡ್ಯಾರ’ ಎಂದು ಮೇಲ್ ತೋರಿಸಿದಳು. ಫೋನ್ ಮಾಡಿದರೆ ಹೃಷಿಕೇಶ ಎತ್ತಲಿಲ್ಲ.

ಭಾನುವಾರ ಅಪ್ಪ, ಮಗಳು ಅಹಮದಾಬಾದಿನ ರೈಲು ಹತ್ತಿದರು. ಅವನೇ ಹಿಂದೆ ವಿಳಾಸ ಹೇಳಿದ್ದ ವಸ್ತ್ರಾಪುರದ ಫ್ಲ್ಯಾಟಿನಲ್ಲಿ ಹೃಷಿಕೇಶ ಆಗಷ್ಟೇ ಎದ್ದಿದ್ದ. ಇವರನ್ನು ಕಂಡು ಗಾಬರಿಯಾದರೂ ಒಳಗೆ ಕರೆದು ಕೂರಿಸಿದ.

‘ಫಲಿತಾಂಶ ಬರೆದು ಕಳಿಸೋಕೆ ಅವತ್ತೇ ಕೊನೇ ದಿನ ಅಂಕಲ್. ಪಾಸ್ ಅಂದ್ರೆ ಕೆಲಸ ಎಲ್ಲಿ ಅಂತ ಕೇಳ್ತಾರೆ. ವೇದಿಕೇಲಿ ಒಂದು ವರದಿನೂ ಇಲ್ಲ. ನಾನು ಇವಳ ಕೋಡ್ ತೆಗೆದೂ ನೋಡಿರ್ಲಿಲ್ಲ.’

‘ವರದಿ ನಿಮಗ ಕಳಿಸಿದ್ನಲ್ಲ. ನೀವ ಹಾಕ್ತೀನಿ ಅಂದಿದ್ರಿ’ ಎಂದಳು ವರ್ಷಿಣಿ.

‘ಹಾಕ್ಬೇಕಿತ್ತು. ಹೊಸ ಕೆಲಸ, ಟೈಮೇ ಸಿಗಲಿಲ್ಲ.’

ವಾಮನರಾಯರು ದನಿ ಏರಿಸಲಿಲ್ಲ. ‘ಕೆಲಸದ ಒತ್ತಡ ನನಗೂ ತಿಳೀತದ. ನೋಡಾಕ ಆಗಲಿಲ್ಲಂತ ಬರದಿದ್ರ ನಾವು ಇಲ್ಲೀತನಕ ಬರ್ತಿದ್ದಿಲ್ಲ. ಅಕೀ ಸಂಪರ್ಕದಾಗ ಇರಲಿಲ್ಲಂತ ಬರದೀರಿ. ಅದು ಖರೇ ಏನು?’

‘ಅಲ್ಲ ಅಂಕಲ್’ ಎಂದ ಹೃಷಿಕೇಶ. ಇವತ್ತೇ ಸಂಘಟಕರಿಗೆ ನಿಜ ತಿಳಿಸುವುದಾಗಿ ಹೇಳಿದ. ಹೊರಡುವಾಗ, ‘ಮುಂದಿನ ವರ್ಷ ಮತ್ತೆ ಅಪ್ಲೈ ಮಾಡು, ನಾನೇ ರೆಕಮೆಂಡ್ ಮಾಡ್ತೀನಿ’ ಎಂದು ವರ್ಷಿಣಿಗೆ ಹೇಳಿದ. ಅವಳು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದಳು.

ಅವನು ತಿಳಿಸಲಿಲ್ಲ. ಕಾದು ಸಾಕಾಗಿ ಅವಳೇ ಬರೆದಳು, ಇಬ್ಬರ ನಡುವಿನ ವಾಟ್ಸಾಪ್ ಮಾತುಗಳನ್ನೆಲ್ಲ ಜೊತೆಗಿಟ್ಟಳು. ಸಂಘಟಕರ ಪರವಾಗಿ ನಿಕಿತಾ ಎಂಬವರು ಫೋನ್ ಮಾಡಿ ಇಂಗ್ಲಿಷಿನಲ್ಲಿ ಮೃದುವಾಗಿ ಮಾತಾಡಿದರು. ನಿಮ್ಮ ಮಾತನ್ನು ನಂಬುತ್ತೇವೆ, ಆದರೆ ಬಹಿರಂಗವಾಗಿ ಕೆಲಸ ಮಾಡುವುದು ವಿದ್ಯಾರ್ಥಿಯ ಹೊಣೆ, ಅದಕ್ಕೆ ನೀವು ಒಪ್ಪಿದ್ದಿರಿ, ಫಲಿತಾಂಶ ಬದಲಾಗುವುದಿಲ್ಲ.

‘ಹಾಗೆ ಮಾಡಬೇಡ ಅಂದವರು ನಿಮ್ಮ ಮೆಂಟರ್’ ಎಂದಳು ವರ್ಷಿಣಿ.

‘ಅವರ ಜೊತೆ ಮಾತಾಡಿದ್ದೇವೆ. ಅವರು ಸ್ವಯಂಸೇವಕರು. ಬಿಡುವಿನಲ್ಲಿ ಈ ಕೆಲಸ ಮಾಡುತ್ತಾರೆ.’

ಹೃಷಿಕೇಶ ಮೆಂಟರಾಗಿಯೇ ಉಳಿದ.

ಕೋಡ್ ಸುಮ್ಮನೆ ಕೊಳೆಯುವುದು ಬೇಡವೆಂದು ಅವಳು ಅದನ್ನು ಎಲ್ಲರಿಗೂ ಕಾಣುವಂತೆ ವೇದಿಕೆಗೆ ಏರಿಸಿದಳು. ಪರಿಚಯವೇ ಇಲ್ಲದ ರಾಮಕೃಷ್ಣ ಎಂಬವರು ಎರಡು ಕಡೆ ತಪ್ಪು ತೋರಿಸಿದರು, ಅವಳು ತಿದ್ದಿದಳು. ಕೋಡ್ ತಂತ್ರಾಂಶಕ್ಕೆ ಸೇರಿತು. ಅಷ್ಟರಲ್ಲಿ ತರಬೇತಿ ಮುಗಿದಿತ್ತು, ಉತ್ತೀರ್ಣರಾದವರ ಹೆಸರು ಪ್ರಕಟವಾಗಿತ್ತು. ವರ್ಷಿಣಿ ಮಕರಪುರದ ಕಾರ್ಖಾನೆಯೊಂದರಲ್ಲಿ ಇಂಟರ್ನ್‌ಶಿಪ್‌ಗೆ ಹೋಗಿಬರುತ್ತಿದ್ದಳು.

ಕೋಡ್ ಸೇರಿದ ಸುದ್ದಿಯನ್ನು ಊಟದ ಹೊತ್ತಿಗೆ ಹೇಳಿದಳು.

‘ಚಲೋ ಆತಲ್ಲ’ ಎಂದರು ವಾಮನರಾಯರು. ‘ಮುಂದಿನ ವರ್ಷ ಮತ್ತ ಅರ್ಜಿ ಹಾಕ್ತೀ ಏನು?’

‘ಇಲ್ಲಪ್ಪಾ.’

‘ಬ್ಯಾರೆ ಮೆಂಟರ್ ಸಿಗಬಹುದು.’

‘ಸಿಗಬಹುದು. ನನಗ ಬ್ಯಾಡ.’

ವರ್ಷಿಣಿ ಊಟ ಮುಗಿಸಿ ತಟ್ಟೆ ತೊಳೆದಿಟ್ಟು, ಮರುದಿನದ ಶಿಫ್ಟಿಗೆ ಬಟ್ಟೆ ಇಸ್ತ್ರಿ ಮಾಡಲು ಹೋದಳು.